ಪಕ್ಕದ ಸೀಟಿನ ಅಂಕಲ್‌ಗೆ

ಮೊನ್ನೆ ಭಾನುವಾರ ಮಂಗಳೂರು ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಹಾಡಿನ ಕಾರ್ಯಕ್ರಮ ನೋಡುವಾಗ ಪಕ್ಕ ಕೂತಿದ್ದ ಅಂಕಲ್, ನಿಮಗೆ ತುಂಬಾ ಥ್ಯಾಂಕ್ಸ್. ನನಗೋ ಕೊಂಕಣಿ ಬರೋದಿಲ್ಲ. ನೀವು ಬೇಸರ ಮಾಡ್ಕೊಳ್ಳದೆ ಹಾಡಿನ ಅರ್ಥ ಹೇಳ್ತಾ ಹೋದಿರಿ. ಹಿಂದಿನ ಸಾಲಿನವರು ಗುರಾಯಿಸಿದ್ದು ನನಗಂತೂ ಕಾಣಿಸಿತು!

ಮುಗಿದ ಮೇಲೆ ಗುಮಟ್ ಬಾರಿಸುವವರ ಹತ್ತಿರ ಕರೆದುಕೊಂಡು ಹೋದಿರಿ, ಅಲ್ವಾ? ಮಣ್ಣಿನ ಮಡಕೆ. ಒಂದು ಬಾಯಿಗೆ ಚರ್ಮ, ಇನ್ನೊಂದು ತೆರೆದೇ ಇರುತ್ತದೆ. ಒಂದು ಕೈಯಲ್ಲಿ ಚರ್ಮಕ್ಕೆ ಬಡಿಯುತ್ತಾ ಇನ್ನೊಂದರಲ್ಲಿ ಆ ತೆರೆದ ಬಾಯಿ ಮುಚ್ಚಿ ಬಿಟ್ಟು ಮಾಡಿದರೆ ದನಿ ಗುಂಯ್ ಅಂತ ಬದಲಾಗುತ್ತದೆ. ನಾನು ಬಡಿದಾಗ ಬರೀ ಟಪ್ ಟಪ್. ಕೊಂಕಣಿ ಸಾಂಸ್ಕೃತಿಕ ಸಂಘಟನೆ ಮಾಂಡ್ ಸೊಭಾಣ್‌ನವರು 2008ರಲ್ಲಿ 40 ಗಂಟೆ ಬಿಡದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದ ಕಥೆಯೂ ನಿಮ್ಮಿಂದಲೇ ಸಿಕ್ಕಿತು.

ಹೆಸರು ಕೇಳುವಷ್ಟರಲ್ಲಿ ನಿಮ್ಮ ಬಸ್ ಬಂತು. ಮುಂದಿನ ತಿಂಗಳೂ ಬರ್ತೇನೆ, ಪಕ್ಕದ ಸೀಟು ಹಿಡಿದಿಡಿ.