ಭೂಸ್ವಾಧೀನದ ನೋಟಿಸ್ ಬಂದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಪುಣೆ ಜಿಲ್ಲೆಯ ಹವೇಲಿ, ಮುಳಶಿ ತಾಲೂಕುಗಳ ಕಡೆ ಜಾಗ ಇರುವ ನಮ್ಮವರಲ್ಲಿ ಕೆಲವರಿಗೆ ನೋಟಿಸ್ ಬಂದಿದೆ. ಮರಾಠಿ ಓದಲು ಬರಲ್ಲ ಅಂತ ಫ್ರಿಜ್ ಮೇಲಿಟ್ಟು ಮರೆಯಬೇಡಿ (ನಮ್ಮನೆಯಲ್ಲಿ ಹಾಗೇ ಹನ್ನೆರಡು ದಿನ ಹೋಯ್ತು). ಲಕೋಟೆಯನ್ನೂ ಎಸೆಯಬೇಡಿ, ಅಂಚೆ ಮುದ್ರೆಯ ತಾರೀಖು ಮುಂದೆ ಬೇಕಾಗುತ್ತದೆ.

ಮೊದಲು ಯಾವ ಕಾಯ್ದೆ ಅಂತ ನೋಡಿ. 2013ರ ಭೂಸ್ವಾಧೀನ ಕಾಯ್ದೆಯಾದರೆ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ 60 ದಿನದೊಳಗೆ ಕಲಂ 15ರಡಿ ಲಿಖಿತ ಆಕ್ಷೇಪಣೆ ಕೊಡಬೇಕು. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಾದರೆ ಬರೀ 21 ದಿನ. ನಕಲಿನ ಮೇಲೆ ಕಚೇರಿಯ ಸಿಕ್ಕಾ ಹಾಕಿಸಿಕೊಳ್ಳದೆ ಹೊರಬರಬೇಡಿ.

2013ರ ಕಾಯ್ದೆಯಲ್ಲಿ ಪರಿಹಾರದ ಹಣ ಪಡೆಯುವಾಗ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದೇ ಸಹಿ ಮಾಡಿ. ಸುಮ್ಮನೆ ತಗೊಂಡರೆ ಮೊತ್ತ ಹೆಚ್ಚಿಸಿ ಎಂದು ಕಲಂ 64ರಡಿ ಕೇಳುವ ಹಕ್ಕೇ ಹೋಗುತ್ತದೆ. ಸ್ವಾಧೀನವನ್ನೇ ಪ್ರಶ್ನಿಸುವುದಾದರೆ ಮುಂಬೈ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕು, ಅದೂ ಬೇಗ. ಐತೀರ್ಪು (ಪರಿಹಾರದ ಮೊತ್ತ ನಿಗದಿ ಮಾಡುವ ಆದೇಶ) ಆದಮೇಲೆ ಓಡಿದರೆ ‘ಇಷ್ಟು ದಿನ ಎಲ್ಲಿದ್ರಿ’ ಅನ್ನುವ ಪ್ರಶ್ನೆಗೇ ಅರ್ಜಿ ಬಿದ್ದುಹೋಗಬಹುದು.

ಭಾನುವಾರ ಬೆಳಿಗ್ಗೆ 10ಕ್ಕೆ ಸೇರೋಣ, ವಕೀಲರೂ ಬರ್ತಾರೆ. ಸಾತಬಾರಾ ಉತಾರೆ (ಜಮೀನಿನ 7/12 ದಾಖಲೆ, ನಮ್ಮ ಪಹಣಿ ಥರದ್ದು), ಖರೀದಿಪತ್ರ, ನೋಟಿಸ್ ತನ್ನಿ. ಸರ್ವೆ ನಂಬರನ್ನು ಮಾತ್ರ ಗುಂಪಿನಲ್ಲಿ ಹಾಕಬೇಡಿ, ದಲಾಲರ ಕಣ್ಣು ಎಲ್ಲ ಕಡೆ ಇರುತ್ತೆ.