ಐವತ್ತರ ಲೆನ್ಸು, ಎರಡು ಬೆಲೆ

ಪ್ರೀತಿಯ ಮಗಳೇ,

ನಿನ್ನ ಪ್ರಶ್ನೆ ಒಂದೇ ಸಾಲಿನದು: ನನ್ನ ಕ್ಯಾನನ್ ಆರ್8 ಕ್ಯಾಮೆರಾಕ್ಕೆ ಐವತ್ತು ಎಂಎಂ ಪ್ರೈಮ್ ಲೆನ್ಸ್ (ಜೂಮ್ ಆಗದ್ದು) ಕೊಳ್ಳುವಾಗ ಅಗ್ಗದ್ದು ತಗೊಳ್ಳಲೋ, ದುಬಾರಿಯದ್ದೋ? ಉತ್ತರವೂ ಒಂದೇ ಸಾಲು: ಅಗ್ಗದ್ದು ತಗೋ, ಉಳಿದ ದುಡ್ಡನ್ನು ಸದ್ಯಕ್ಕೆ ಮುಟ್ಟಬೇಡ. ಆದರೆ ಯಾಕೆ ಅಂತ ಗೊತ್ತಿಲ್ಲದೆ ಕೊಂಡರೆ ಆರು ತಿಂಗಳಿಗೆ ಮನಸ್ಸು ಮತ್ತೆ ಅಂಗಡಿ ಕಡೆ ಓಡುತ್ತದೆ. ಅದಕ್ಕೇ ಪತ್ರ ಉದ್ದವಾಯಿತು.

ಮೊದಲು ಎರಡನ್ನೂ ತಕ್ಕಡಿಗೆ ಹಾಕೋಣ. ಕ್ಯಾನನ್ ಆರ್‌ಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ ಬಂದದ್ದು 2020ರಲ್ಲಿ. ತೂಕ 160 ಗ್ರಾಂ, ಒಳಗೆ ಆರು ಗಾಜು, ಅಪರ್ಚರಿಗೆ (ಬೆಳಕು ಒಳಬಿಡುವ ಕಂಡಿಗೆ) ಏಳು ಬ್ಲೇಡ್, ಮುಂದಕ್ಕೆ 43 ಎಂಎಂ ಫಿಲ್ಟರ್. ದುಬಾರಿ ಸಾಲಿನ ಎಫ್ 1.2 ಎಲ್ 2018ರದ್ದು: 950 ಗ್ರಾಂ, 15 ಗಾಜು, ಹತ್ತು ಬ್ಲೇಡ್, 77 ಎಂಎಂ ಫಿಲ್ಟರ್. ನಿನ್ನ ಆರ್8 ಬ್ಯಾಟರಿ, ಕಾರ್ಡ್ ಸೇರಿ 461 ಗ್ರಾಂ. ಅಂದರೆ ಆ ಲೆನ್ಸು ಕ್ಯಾಮೆರಾದ ಎರಡರಷ್ಟು ಭಾರ. ಅಮೆರಿಕದಲ್ಲಿ ಬಿಡುಗಡೆಯಾದಾಗ ಒಂದರ ಬೆಲೆ 199 ಡಾಲರ್, ಇನ್ನೊಂದರದು 2,299. ನಮ್ಮ ಅಂಗಡಿಗಳಲ್ಲೂ ಅಂತರ ಹತ್ತು ಪಟ್ಟಿನ ಸುತ್ತಮುತ್ತಲೇ ಇರುತ್ತದೆ. ಇವೆರಡರ ನಡುವೆ 2024ರಲ್ಲಿ ಎಫ್ 1.4 ಎಲ್ ವಿಸಿಎಂ ಬಂತು, 580 ಗ್ರಾಂ (ಎಸ್‌ಟಿಎಂ, ವಿಸಿಎಂ ಅನ್ನುವುದು ಫೋಕಸ್ ಮೋಟರಿನ ಬಗೆ). ಅದರ ಮಾತು ಆಮೇಲೆ.

ಹತ್ತು ಪಟ್ಟು ಕೊಟ್ಟರೆ ಬೆಳಕು ಎಷ್ಟು ಹೆಚ್ಚು ಸಿಗುತ್ತದೆ? ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಕಂಡಿ ಅಗಲ, ಬೆಳಕು ಜಾಸ್ತಿ. ಎಫ್ 1.8ರಿಂದ 1.2ಕ್ಕೆ ಹೋದರೆ ಎರಡೂಕಾಲು ಪಟ್ಟು, ಅಂದರೆ ಒಂದು ಸ್ಟಾಪಿಗಿಂತ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಚೂರು ಜಾಸ್ತಿ. ಎಫ್ 1.4ಕ್ಕಾದರೆ ಮುಕ್ಕಾಲು ಸ್ಟಾಪಿಗೂ ಸ್ವಲ್ಪ ಕಡಿಮೆ. ನೀನು ತೆಗೆಯುವುದು ರಾತ್ರಿಯ ಯಕ್ಷಗಾನದ ಆಟ, ಅದಕ್ಕೇ ಅದರ ಲೆಕ್ಕ ಹಾಕೋಣ. ಗಿರಗಿರನೆ ಸುತ್ತುತ್ತ ಧೀಂಗಿಣ ಹಾಕುವಾಗ ವೇಷ ಮಸುಕಾಗಬಾರದೆಂದರೆ ಶಟರ್ 1/500 ಸೆಕೆಂಡಾದರೂ ಬೇಕು. ರಂಗಸ್ಥಳದ ಬೆಳಕಿಗೆ ಎಫ್ 1.8ರಲ್ಲಿ ಐಎಸ್‌ಒ 6400 ಬಂತು ಅಂದುಕೋ (ಇದು ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, ಏರಿದಷ್ಟೂ ಚಿತ್ರದಲ್ಲಿ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ಜಾಸ್ತಿ). ಅದೇ ಜಾಗದಲ್ಲಿ ಎಫ್ 1.4 ಇದ್ದರೆ 4000ದ ಹತ್ತಿರ, ಎಫ್ 1.2 ಇದ್ದರೆ 2800ರ ಆಸುಪಾಸು. ಆರ್8ನ 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಸೆನ್ಸರಿಗೆ 6400 ಏನೂ ಕಷ್ಟದ್ದಲ್ಲ. ರಾ ಫೈಲಿನಿಂದ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರದಿಂದ) ನಾಯ್ಸ್ ತೆಗೆದರೆ ಎ3 ಪ್ರಿಂಟಿಗೂ ಸಾಕು. 2800ರ ಚಿತ್ರ ಇನ್ನಷ್ಟು ಶುಭ್ರವಾಗಿರುತ್ತದೆ, ಸುಳ್ಳಲ್ಲ. ಆದರೆ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಗೊತ್ತಾಗುವ ವ್ಯತ್ಯಾಸ ಅದು.

ಫೋಕಸಿನ ಆಳದ ಲೆಕ್ಕ ಇನ್ನೂ ಸ್ವಾರಸ್ಯದ್ದು. ರಂಗಸ್ಥಳದಿಂದ ಐದು ಮೀಟರ್ ದೂರ ಕೂತು ಕ್ಯಾಮೆರಾ ನೆಟ್ಟಗೆ ಹಿಡಿದರೆ ಐವತ್ತರ ಚೌಕಟ್ಟಿನಲ್ಲಿ 3.6 ಮೀಟರ್ ಎತ್ತರ, 2.4 ಮೀಟರ್ ಅಗಲ ಸಿಗುತ್ತದೆ. ಕಿರೀಟದ ತುದಿಯಿಂದ ಗೆಜ್ಜೆವರೆಗೆ ವೇಷ ಪೂರ್ತಿ ಬಂದು ಮೇಲೆ ಕೆಳಗೆ ಜಾಗವೂ ಉಳಿಯುತ್ತದೆ. ಆ ದೂರದಲ್ಲಿ ಎಫ್ 1.8ಕ್ಕೆ ಒಂದು ಮೀಟರಿನಷ್ಟು ಆಳ ಫೋಕಸಿನಲ್ಲಿರುತ್ತದೆ, ಎಫ್ 1.2ಕ್ಕೆ ಮುಕ್ಕಾಲು ಮೀಟರಿಗಿಂತ ಕಡಿಮೆ. ಎರಡೂ ನಡೆಯುತ್ತದೆ. ವೇಷ ಕಟ್ಟಿಕೊಳ್ಳುವ ಚೌಕಿಯೊಳಗೆ ಹೋದರೆ ಲೆಕ್ಕ ಬದಲಾಗುತ್ತದೆ. ಬಣ್ಣ ಹಚ್ಚಿಕೊಳ್ಳುತ್ತಿರುವ ಕಲಾವಿದರ ಮುಖಕ್ಕೆ 70 ಸೆಂಟಿಮೀಟರಿನಷ್ಟು ಹತ್ತಿರ ಹೋದೆ ಅನ್ನು. ಅಲ್ಲಿ ಎಫ್ 1.8ರ ಆಳ ಎರಡು ಸೆಂಟಿಮೀಟರ್, ಎಫ್ 1.2ರದ್ದು 13 ಮಿಲಿಮೀಟರ್. ಮುಖ ಸ್ವಲ್ಪ ಓರೆಯಾದರೂ ಹತ್ತಿರದ ಕಣ್ಣು ಚೊಕ್ಕ, ದೂರದ ಕಣ್ಣು ಮಂಜು, ಹಣೆಯ ಮೇಲೆ ನಾಮ ಎಳೆಯುತ್ತಿರುವ ಕಡ್ಡಿ ಕಾಣೆ. ಅಲ್ಲಿ ನೀನು ಕಂಡಿ ಕಿರಿದು ಮಾಡಿ ಎಫ್ 4ಕ್ಕೆ ಇಳಿಸಲೇಬೇಕು, ಆಗ ನಾಲ್ಕೂವರೆ ಸೆಂಟಿಮೀಟರ್ ಸಿಗುತ್ತದೆ. ಎಫ್ 4ರಲ್ಲಿ ತೆಗೆದ ಎರಡು ಚಿತ್ರ ಮುಂದಿಟ್ಟು ಯಾವುದು ಯಾವ ಲೆನ್ಸಿನದು ಅಂದರೆ ಹೇಳುವವರು ಬಹಳ ಕಡಿಮೆ.

ಚೌಕಿಯ ಕನ್ನಡಿಯ ವಿಷಯ ಹೇಳಿಬಿಡುತ್ತೇನೆ. ಕನ್ನಡಿಯಲ್ಲಿ ಕಾಣುವ ಮುಖಕ್ಕೆ ಫೋಕಸ್ ಮಾಡುವಾಗ ದೂರ ಅಂದರೆ ನಿನ್ನಿಂದ ಕನ್ನಡಿಗೆ, ಮತ್ತೆ ಕನ್ನಡಿಯಿಂದ ಮುಖಕ್ಕೆ, ಎರಡೂ ಕೂಡಿದ್ದು. ಚೌಕಟ್ಟಿನಲ್ಲಿ ನಿಜವಾದ ಮುಖವೂ ಇದ್ದರೆ ಕಣ್ಣು ಹುಡುಕಿ ಫೋಕಸ್ ಮಾಡುವ ಐ ಡಿಟೆಕ್ಷನ್ ಒಂದರಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ದಪ್ಪ ಬಣ್ಣದ ವೇಷಗಳ ಕಣ್ಣನ್ನೂ ಅದು ಕೆಲವು ಸಲ ಗುರುತು ಹಿಡಿಯುವುದಿಲ್ಲ. ಅಲ್ಲಿ ಅದನ್ನು ಆಫ್ ಮಾಡಿ ಒಂದೇ ಪಾಯಿಂಟ್ ಇಟ್ಟುಕೋ. ಇದು ಕ್ಯಾಮೆರಾದ ಕೆಲಸ, ಯಾವ ಲೆನ್ಸ್ ಹಾಕಿದರೂ ಅಷ್ಟೇ.

ಇನ್ನು ನಿನ್ನ ಕ್ಯಾಮೆರಾದ್ದೇ ಒಂದು ಕೊರತೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಆರ್8ಗೆ ಪೂರ್ತಿ ಮೆಕ್ಯಾನಿಕಲ್ ಶಟರ್ ಇಲ್ಲ. ಶುರುವಿಗೆ ಎಲೆಕ್ಟ್ರಾನಿಕ್ ಪರದೆ, ಮುಗಿಸುವುದಕ್ಕೆ ಮಾತ್ರ ನಿಜವಾದ ಪರದೆ. ಈ ಎರಡನೆಯದು ಸೆನ್ಸರಿನ ಮೇಲ್ಮೈಗಿಂತ ತುಸು ಮುಂದಿರುತ್ತದೆ. ಅಪರ್ಚರ್ ಬಹಳ ಅಗಲವಾಗಿ, ಶಟರ್ 1/2000, 1/4000 ಅಂತ ವೇಗವಾದಾಗ, ಓರೆಯಿಂದ ಬರುವ ಬೆಳಕಿನ ಒಂದು ಪಾಲನ್ನು ಅದು ಕತ್ತರಿಸುತ್ತದೆ. ಹಿನ್ನೆಲೆಯ ದುಂಡನೆಯ ಬೆಳಕಿನ ಬಿಂದುಗಳು ಒಂದು ಪಕ್ಕ ಕೊಯ್ದಂತೆ ಬರುತ್ತವೆ. ಅಪರ್ಚರ್ ಅಗಲವಾದಷ್ಟೂ ಇದು ಜಾಸ್ತಿ. ಹಗಲಿನಲ್ಲಿ ಎಫ್ 1.2ರಲ್ಲಿ ತೆಗೆಯುವುದಕ್ಕೆ ಅಷ್ಟೇ ವೇಗದ ಶಟರ್ ಬೇಕಾಗುತ್ತದೆ. ಯಾವುದಕ್ಕಾಗಿ ದುಡ್ಡು ಕೊಟ್ಟೆಯೋ ಅದೇ ಹಾಳು. ಪೂರ್ತಿ ಎಲೆಕ್ಟ್ರಾನಿಕ್ ಶಟರಿಗೆ ಹೋದರೆ ಆ ತೊಂದರೆ ಇಲ್ಲ, ಆದರೆ ರಾತ್ರಿ ಎಲ್‌ಇಡಿ ದೀಪದ ಕೆಳಗೆ ಅಡ್ಡಪಟ್ಟೆ ಬೀಳುತ್ತದೆ, ಗಿರಕಿ ಹೊಡೆಯುವ ಕೈಕಾಲು ಸೊಟ್ಟಗಾಗುತ್ತದೆ. ಆಟಕ್ಕೆ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಇಟ್ಟು ಆಂಟಿ ಫ್ಲಿಕರ್ ಆನ್ ಮಾಡಿಕೋ. ನಮ್ಮ ಕರೆಂಟು 50 ಹರ್ಟ್ಸ್. ಅದರ ತಾಳಕ್ಕೆ ಮಿಣುಕುವ ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಬೆಳಕು ಏರಿದ ಹೊತ್ತು ನೋಡಿ ಕ್ಯಾಮೆರಾ ಕ್ಲಿಕ್ಕಿಸುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ: ದುಬಾರಿ ಲೆನ್ಸಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇರುತ್ತದೆ ಅಂತ. ಈ ಮೂರು ಐವತ್ತರಲ್ಲಿ ಯಾವುದರಲ್ಲೂ ಐಎಸ್ ಇಲ್ಲ, ಆರ್8ನ ಬಾಡಿಯಲ್ಲೂ ಇಲ್ಲ. ಚೌಕಿಯಲ್ಲಿ ಕೂತಿರುವವರನ್ನು ತೆಗೆಯುವಾಗಲೂ ಶಟರ್ 1/100ಕ್ಕಿಂತ ಕೆಳಗೆ ಇಳಿಸಬೇಡ.

ಹಾಗಂತ ಅಗ್ಗದ ಲೆನ್ಸಿನಲ್ಲಿ ಕುಂದಿಲ್ಲ ಅಂತಲ್ಲ, ಸಾಕಷ್ಟಿದೆ. ಎಫ್ 1.8ರಲ್ಲಿ ನಡುಭಾಗ ಚೊಕ್ಕ, ಮೂಲೆಗಳು ಮೃದು, ನಾಲ್ಕೂ ಅಂಚು ಕಪ್ಪು. ಕಿರೀಟದ ಹೊಳಪಿನ ಅಂಚಿಗೆ ನೇರಳೆ ಗೆರೆ ಬರುತ್ತದೆ: ಫೋಕಸಿಗಿಂತ ಮುಂದಿರುವ ಹೊಳಪಿಗೆ ನೇರಳೆ, ಹಿಂದಿರುವುದಕ್ಕೆ ಹಸಿರು. ಎಫ್ 2.8ಕ್ಕೆ ಇಳಿಸಿದರೆ ಬಹುಪಾಲು ಹೋಗುತ್ತದೆ. ಉಳಿದದ್ದನ್ನು ಲೈಟ್‌ರೂಮಿನ ಡಿಫ್ರಿಂಜ್‌ನಲ್ಲಿ (ಚಿತ್ರ ತಿದ್ದುವ ತಂತ್ರಾಂಶದ ಬಣ್ಣದ ಗೆರೆ ಅಳಿಸುವ ಆಯ್ಕೆಯಲ್ಲಿ) ತೆಗಿ. ಹಿಂದೆ ಸರಮಾಲೆ ಬಲ್ಬುಗಳಿದ್ದರೆ ಮೂಲೆಯಲ್ಲಿ ಬಾದಾಮಿಯಾಕಾರ, ಎಫ್ 2.8ರ ನಂತರ ಏಳು ಮೂಲೆಯ ಬಿಲ್ಲೆ. ನೋಡುವವರ ಕಣ್ಣು ವೇಷದ ಮೇಲಿರುತ್ತದೆ, ಬಲ್ಬಿನ ಮೂಲೆ ಎಣಿಸುವುದು ನಿನ್ನಂಥವರು ಮಾತ್ರ.

ಮೋಟರ್ ನಿಧಾನ. ಹತ್ತಿರದ ಗೆಜ್ಜೆ ತೆಗೆದು ಥಟ್ಟನೆ ದೂರದ ಭಾಗವತರಿಗೆ ತಿರುಗಿಸಿದರೆ ಒಂದು ಸಲ ಹುಡುಕಾಡುತ್ತದೆ, ಮಬ್ಬು ಬೆಳಕಿನಲ್ಲಿ ಎರಡು ಸಲ. ಹತ್ತಿರದ ಕೆಲಸ ಮುಗಿದ ಕೂಡಲೇ ರಂಗಸ್ಥಳದ ಕಡೆ ಒಮ್ಮೆ ಅರ್ಧ ಒತ್ತಿ ಬಿಟ್ಟಿರು, ಗಾಜು ಸುಮಾರಾಗಿ ಸರಿಯಾದ ಜಾಗದಲ್ಲಿ ಕಾಯುತ್ತಿರುತ್ತದೆ. ವಿಡಿಯೊದಲ್ಲಿ ಮೋಟರಿನ ಕಿರ್ರೆನ್ನುವ ಸದ್ದು ಕ್ಯಾಮೆರಾ ಮೈಕಿಗೆ ಕೇಳುತ್ತದೆ. ಚಂಡೆ ಬಡಿಯುವಾಗ ಯಾರಿಗೂ ಗೊತ್ತಾಗದು, ಸಂದರ್ಶನಕ್ಕೆ ಮಾತ್ರ ಬೇರೆ ಮೈಕ್ ಬೇಕೇ ಬೇಕು.

ಈ ಲೆನ್ಸ್ ಸಾಯುವುದು ಹೆಚ್ಚಾಗಿ ಮೂತಿಗೆ ಬಿದ್ದ ಏಟಿನಿಂದ. ಫೋಕಸ್ ಮಾಡುವಾಗ ಒಳಗಿನ ನಳಿಗೆ ಹೊರಗೆ ಬರುತ್ತದೆ. ಹೊರಗಿದ್ದಾಗ ಎಲ್ಲಿಗಾದರೂ ತಾಗಿದರೆ ಆ ಏಟು ನೇರ ಒಳಗಿನ ಹಲ್ಲುಚಕ್ರಕ್ಕೆ. ಮೆನುವಿನಲ್ಲಿ ಪವರ್ ಆಫ್ ಆದಾಗ ಲೆನ್ಸ್ ಒಳಗೆ ಹೋಗುವ ಆಯ್ಕೆ ಇದೆ, ಆನ್ ಇಡು. ಕ್ಯಾಮೆರಾ ಆಫ್ ಮಾಡಿ ನಳಿಗೆ ಒಳಗೆ ಹೋದ ಮೇಲೆಯೇ ಲೆನ್ಸ್ ಬಿಚ್ಚು. ಹೊರಗೇ ಉಳಿದರೆ ಬೆರಳಿನಿಂದ ಒತ್ತಬೇಡ, ಮತ್ತೆ ಹಾಕಿ ಆನ್ ಮಾಡಿ ಆಫ್ ಮಾಡು. ಇಎಸ್-65ಬಿ ಹುಡ್ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆ ತಗೋಬೇಕು. ಅದನ್ನು ಉಳಿಸಲು ಹೋಗಬೇಡ, ಜನಜಂಗುಳಿಯಲ್ಲಿ ಮೊದಲ ಏಟು ತಿನ್ನುವುದು ಅದೇ. ಯುವಿ ಫಿಲ್ಟರ್ ಹಾಕಿದರೂ ರಾತ್ರಿ ತೆಗೆದಿಡು. ಎದುರಿನ ಫ್ಲಡ್‌ಲೈಟ್ ಫಿಲ್ಟರಿಗೂ ಸೆನ್ಸರಿಗೂ ನಡುವೆ ಪ್ರತಿಫಲಿಸಿ ಹಸಿರು ಮಚ್ಚೆ ಬೀಳಿಸುತ್ತದೆ.

ದುಬಾರಿಯದು ನಿಜಕ್ಕೂ ಗೆಲ್ಲುವ ಜಾಗ ಹೇಳಬೇಕಲ್ಲ. ಅಪರ್ಚರ್ ಪೂರ್ತಿ ತೆರೆದಾಗಲೇ ಅಂಚಿನವರೆಗೆ ಹರಿತ, ನೇರಳೆ ಗೆರೆ ಬಹಳ ಕಡಿಮೆ, ಹನಿ ಧೂಳು ತಡೆಯುವ ರಬ್ಬರ್ ಸೀಲು, ಹುಡ್ ಪೆಟ್ಟಿಗೆಯಲ್ಲೇ. ದಿನಾ ಮದುವೆ ಮನೆಯಲ್ಲಿ ಎಫ್ 1.4ರಲ್ಲೇ ದುಡಿಯುವವಳಾಗಿದ್ದರೆ ವಿಸಿಎಂ ತಗೋ ಅನ್ನುತ್ತಿದ್ದೆ: ಫೋಕಸ್ ಬೇಗ, ಸದ್ದಿಲ್ಲ, ವಿಡಿಯೊದಲ್ಲಿ ಫೋಕಸ್ ಬದಲಾದಾಗ ಚೌಕಟ್ಟು ಉಸಿರಾಡಿದಂತೆ ಹಿಗ್ಗಿ ಕುಗ್ಗುವುದು ಕಡಿಮೆ. ಎಫ್ 1.2 ಅಂತೂ ಆರ್8ಗೆ ಬೇಡ. ನೆಲದಲ್ಲಿ ಕೂತು ರಾತ್ರಿಯಿಡೀ ಹಿಡಿಯುವಾಗ ಮುಂಭಾರಕ್ಕೆ ಮಣಿಕಟ್ಟು ಬೆಳಗಿನ ಜಾವಕ್ಕೆ ಲೆಕ್ಕ ಕೇಳುತ್ತದೆ.

ಉಳಿದ ದುಡ್ಡಿನಲ್ಲಿ ಮುಂದೆ ಆರ್‌ಎಫ್ 85 ಎಂಎಂ ಎಫ್ 2 ಮ್ಯಾಕ್ರೊ ಐಎಸ್ ನೋಡು. 500 ಗ್ರಾಂ, ಐಎಸ್ ಇದೆ, 35 ಸೆಂಟಿಮೀಟರಿನವರೆಗೆ ಹತ್ತಿರ ಹೋಗಿ ಅರ್ಧದಷ್ಟು ಗಾತ್ರದ ಮ್ಯಾಕ್ರೊ ತೆಗೆಯಬಹುದು. ತಲೆಯ ಅಲಂಕಾರವಾದ ಕೇದಗೆ ಮುಂದಲೆಯ ಕುಸುರಿಗೆ ಹೇಳಿಮಾಡಿಸಿದ್ದು. ಮೋಟರ್ ಅದರದ್ದೂ ಚುರುಕಲ್ಲ. ಆದರೆ ದೂರದಿಂದ ಮುಖದ ಭಾವ ಐವತ್ತರಲ್ಲಿ ಸಿಗುವುದಿಲ್ಲ, ಅದು ಎಫ್ 1.2 ಆದರೂ ಅಷ್ಟೇ.

ಈಗ ಕೊಳ್ಳುವ ದಿನದ ಕೆಲಸ. ಕ್ಯಾಮೆರಾ, ಖಾಲಿ ಕಾರ್ಡ್, ಸಣ್ಣ ಟಾರ್ಚ್ ಒಯ್ಯಿ. ಅಂಗಡಿ ಬಾಗಿಲಲ್ಲಿ ನಿಂತು ಎದುರಿನ ಕಟ್ಟಡದ ಗೋಡೆಗೆ ನೇರವಾಗಿ ಹಿಡಿದು ಎಫ್ 1.8ರಲ್ಲಿ ಮೂರು ಚಿತ್ರ, ಎಫ್ 5.6ರಲ್ಲಿ ಮೂರು. ದೊಡ್ಡದು ಮಾಡಿ ನಾಲ್ಕು ಮೂಲೆ ನೋಡು. ನಾಲ್ಕೂ ಒಂದೇ ಥರ ಮೃದುವಾಗಿದ್ದರೆ ಸರಿ. ಒಂದು ಮೂಲೆ ಮಾತ್ರ ಎಫ್ 5.6ರಲ್ಲೂ ಹಿಟ್ಟು ಕಲಸಿದಂತಿದ್ದರೆ ಗಾಜು ಓರೆ ಕೂತಿದೆ, ಅಲ್ಲೇ ಬೇರೆ ಪೀಸ್ ಕೇಳು. ಸೆಕೆಂಡ್‌ಹ್ಯಾಂಡ್ ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡು: ನಾಲ್ಕು ಧೂಳಿನ ಕಣ ಲೆಕ್ಕಕ್ಕಿಲ್ಲ, ಜೇಡರಬಲೆಯಂಥ ಎಳೆ ಕಂಡರೆ ಫಂಗಸ್, ಎಷ್ಟೇ ಅಗ್ಗವಾದರೂ ವಾಪಸ್ ಕೊಡು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಚರ್ಮದ ಪೌಚಿನಲ್ಲಿಟ್ಟ ಲೆನ್ಸಿಗೆ ಅದೇ ಗತಿ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಮತ್ತು ಒಂದು ಚಿಕ್ಕ ಹೈಗ್ರೋಮೀಟರ್ ಹಾಕಿ ತೇವಾಂಶ 40ರಿಂದ 50ರ ನಡುವೆ ಇಡು. ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಯ ಬಾಣಲೆ ಮಾತ್ರ ಬೇಡ, ಅದರ ನೀಲಿ ಬಣ್ಣ ಕೋಬಾಲ್ಟಿನದು.

ಬಿಲ್ಲು ಜಿಎಸ್‌ಟಿಯದೇ ಇರಲಿ, ಅದರ ಮೇಲೆ ಲೆನ್ಸಿನ ಸೀರಿಯಲ್ ನಂಬರ್ ಬರೆಸಿಕೋ. ಬಿಲ್ ಬೇಡವೆಂದರೆ ಸಾವಿರ ಕಡಿಮೆ ಅಂದರೆ ಅಲ್ಲಿಂದ ಎದ್ದು ಬಾ.

ಪ್ರೀತಿಯಿಂದ,
ಅಮ್ಮ