ನೆಕ್ಸ್ಟ್ ಒತ್ತಿದ ಮಾತ್ರಕ್ಕೆ ಒಪ್ಪಿದಂತಲ್ಲ: ಗ್ರಾಹಕ ವ್ಯವಹಾರಗಳ ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಶ್ರೀ ಪ್ರಲ್ಹಾದ ಜೋಶಿ ಅವರಿಗೆ,
ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರು, ನವದೆಹಲಿ

ಮಾನ್ಯರೇ, ನಮಸ್ಕಾರ.

ನೀವು ಧಾರವಾಡದ ಸಂಸದರು. ಹಾಗಾಗಿ ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಗಿರಾಕಿಗಳಲ್ಲಿ ಕನ್ನಡದವರೇ ಜಾಸ್ತಿ. ಹೋಟೆಲ್ ನಡೆಸುವವರು, ಅವರ ಲೆಕ್ಕ ಬರೆಯುವವರು, ಬ್ಯಾಂಕಿನಿಂದ ನಿವೃತ್ತರಾದವರು, ಸಂಘದ ಪತ್ರಿಕೆಗೆ ಟೈಪ್ ಮಾಡಿಕೊಡುವ ಮೇಷ್ಟ್ರು. ಇವರೆಲ್ಲರ ಕಂಪ್ಯೂಟರಿನಲ್ಲಿ ಇವರು ಯಾವತ್ತೂ ಕೇಳದ ಪ್ರೋಗ್ರಾಂಗಳು ಬಂದು ಕೂತಿರುತ್ತವೆ. ಬೇಕಾದ ಒಂದನ್ನು ಹಾಕಿಕೊಳ್ಳಲು ಹೋದರೆ ಬೇಡದ ಎರಡು ಮೂರು ಜೊತೆಗೇ ಒಳಗೆ ಬರುತ್ತವೆ. ನಿಮ್ಮ ಇಲಾಖೆ ಇಂಥ ಮೋಸಗಳ ವಿರುದ್ಧ ಒಳ್ಳೆಯ ನಿಯಮ ಮಾಡಿದೆ. ಆದರೆ ಈ ಒಂದು ಮೋಸ ನುಸುಳಿ ಹೋಗುವಷ್ಟು ಕಿಂಡಿ ಅದರಲ್ಲಿ ಉಳಿದಿದೆ. ಅದನ್ನು ಮುಚ್ಚಿ ಎಂದು ಕೇಳಲು ಈ ಪತ್ರ.

ಇದು ಹೇಗೆ ಆಗುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ರಿಂಟರಿಗೆ ಡ್ರೈವರ್, ಅಂದರೆ ಅದನ್ನು ಕಂಪ್ಯೂಟರಿನಿಂದ ನಡೆಸುವ ಪ್ರೋಗ್ರಾಂ, ಬೇಕು ಅಂದುಕೊಳ್ಳಿ. ಅದು ಸಿಡಿಯಲ್ಲಿ ಬಂದರೂ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಜನ ಪ್ರಿಂಟರಿನ ಹೆಸರು ಬರೆದು ಹುಡುಕುತ್ತಾರೆ. ಮೇಲೆ ಮೊದಲು ಕಾಣುವುದು ಜಾಹೀರಾತು. ಅದನ್ನು ಒತ್ತಿದರೆ ಒಂದು ಪುಟ, ಅದರ ತುಂಬಾ ಹಸಿರು ಡೌನ್‌ಲೋಡ್ ಬಟನ್‌ಗಳು. ಅಸಲಿ ಬಟನ್ ಅವುಗಳ ನಡುವೆ ಎಲ್ಲೋ ಸಣ್ಣದಾಗಿ ಇರುತ್ತದೆ. ಮೇಷ್ಟ್ರು ನುಡಿ ತಂತ್ರಾಂಶ ಹುಡುಕಿದಾಗಲೂ ಇದೇ ಪಾಡು. ನುಡಿ ಉಚಿತ, ಅದನ್ನು ಮಾಡಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಆದರೆ ಮಧ್ಯದಲ್ಲಿ ಕೂತ ಯಾವುದೋ ಸೈಟು ಅದಕ್ಕೆ ತನ್ನದೇ ಇನ್‌ಸ್ಟಾಲರ್, ಅಂದರೆ ಪ್ರೋಗ್ರಾಂ ಹಾಕಿಕೊಡುವ ಫೈಲು, ಸುತ್ತಿ ಕೊಡುತ್ತದೆ.

ಇನ್‌ಸ್ಟಾಲರ್ ತೆರೆದರೆ ಎರಡು ದಾರಿ. ಒಂದು ರೆಕಮೆಂಡೆಡ್, ದಪ್ಪ ಅಕ್ಷರದಲ್ಲಿ. ಇನ್ನೊಂದು ಕಸ್ಟಮ್, ಮಾಸಿದ ಬಣ್ಣದಲ್ಲಿ, ತಿಳಿದವರಿಗೆ ಮಾತ್ರ ಎಂಬಂತೆ. ಜೊತೆಗೆ ಬರುವವುಗಳ ಪಟ್ಟಿ ಇರುವುದು ಆ ಎರಡನೆಯದರ ಒಳಗೆ, ಎಲ್ಲಕ್ಕೂ ಮೊದಲೇ ಟಿಕ್ ಹಾಕಿಟ್ಟು. ಕೆಲವರು ಇನ್ನೂ ಜಾಣತನ ಮಾಡುತ್ತಾರೆ. ಬೇರೆ ಕಂಪನಿಯ ಟೂಲ್‌ಬಾರ್ (ಬ್ರೌಸರಿನ ಮೇಲ್ಭಾಗಕ್ಕೆ ಸೇರಿಕೊಳ್ಳುವ ಪಟ್ಟಿ) ತೋರಿಸಿ, ಕೆಳಗೆ ಆಕ್ಸೆಪ್ಟ್ ಮತ್ತು ಡಿಕ್ಲೈನ್ ಎಂದು ಬರೆಯುತ್ತಾರೆ. ನೋಡಲು ಲೈಸೆನ್ಸ್ ಒಪ್ಪಂದದ ಪುಟದ ಹಾಗೆಯೇ ಇರುತ್ತದೆ. ಡಿಕ್ಲೈನ್ ಒತ್ತಿದರೆ ತಮಗೆ ಬೇಕಾದ್ದೂ ಸಿಗುವುದಿಲ್ಲ ಎಂದು ಜನ ಹೆದರಿ ಆಕ್ಸೆಪ್ಟ್ ಒತ್ತುತ್ತಾರೆ. ಆ ಹೆದರಿಕೆ ಹುಟ್ಟಿಸಲೆಂದೇ ಆ ಪುಟವನ್ನು ಹಾಗೆ ಮಾಡಿರುತ್ತಾರೆ.

ಆಮೇಲಿನ ಕಥೆ ನನ್ನ ಅಂಗಡಿಗೆ ಬರುತ್ತದೆ. ಬ್ರೌಸರಿನ ಮೊದಲ ಪುಟ ಬದಲಾಗಿದೆ, ಹುಡುಕಿದ್ದು ಎಲ್ಲಿಗೋ ಹೋಗುತ್ತಿದೆ. ಮೊದಲೇ ಇದ್ದ ಆ್ಯಂಟಿವೈರಸ್ ಜೊತೆ ಹೊಸದೊಂದು ಸೇರಿ ಕಂಪ್ಯೂಟರ್ ತೆವಳುತ್ತಿದೆ. ಜಿಎಸ್‌ಟಿ ರಿಟರ್ನ್ ಕಟ್ಟುವ ಕೊನೆಯ ದಿನ ಹೋಟೆಲ್‌ನವರ ಕಂಪ್ಯೂಟರ್ ಹೀಗೆ ನಿಂತುಬಿಟ್ಟರೆ ಅವರು ಲೇಟ್ ಫೀ ಕಟ್ಟಬೇಕು. ಎಲ್ಲಕ್ಕಿಂತ ಕೆಟ್ಟದ್ದು ಕ್ಲೀನರ್ ಎಂದು ಹೇಳಿಕೊಳ್ಳುವ ಪ್ರೋಗ್ರಾಂಗಳು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಕೆಂಪು ಅಕ್ಷರದಲ್ಲಿ ನೂರಾರು ದೋಷಗಳಿವೆ ಎಂದು ತೋರಿಸಿ, ಸರಿ ಮಾಡಲು ದುಡ್ಡು ಕೇಳುತ್ತವೆ. ನನ್ನಲ್ಲಿಗೆ ಬರುವ ಒಬ್ಬ ಹಿರಿಯರು ಅದನ್ನು ವಿಂಡೋಸ್‌ನದೇ ಎಚ್ಚರಿಕೆ ಎಂದು ನಂಬಿ, ಪಿಂಚಣಿ ದುಡ್ಡಿನಿಂದ ಪ್ರತಿ ವರ್ಷ ಕಟ್ಟುತ್ತಾ ಬಂದಿದ್ದರು. ಅವರ ಕಂಪ್ಯೂಟರಿನಲ್ಲಿ ಯಾವ ದೋಷವೂ ಇರಲಿಲ್ಲ. ಇದ್ದ ತೊಂದರೆ ಆ ಪ್ರೋಗ್ರಾಂ ಒಂದೇ. ಅವರಿಗೆ ಇದನ್ನು ಹೇಳುವಾಗ ನನಗೆ ಬಹಳ ಸಂಕಟವಾಯಿತು.

ಇದರ ಹಿಂದೆ ದೊಡ್ಡ ವ್ಯಾಪಾರವೇ ಇದೆ. ಒಂದು ಕಂಪ್ಯೂಟರಿಗೆ ಪ್ರೋಗ್ರಾಂ ಹಾಕಿಸಿದವರಿಗೆ ಇಷ್ಟು ಎಂದು ದರ ಗೊತ್ತುಮಾಡಿರುತ್ತಾರೆ. ಗೂಗಲ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಸೇರಿ 2016ರಲ್ಲಿ ಈ ಜಾಲವನ್ನು ಅಧ್ಯಯನ ಮಾಡಿದರು. ಒಂದು ಇನ್‌ಸ್ಟಾಲಿಗೆ 10 ಸೆಂಟ್‌ನಿಂದ ಒಂದೂವರೆ ಡಾಲರ್ ತನಕ ಸಿಗುತ್ತಿತ್ತು. ಇಂಥ ಪ್ರೋಗ್ರಾಂಗಳನ್ನು ಇಳಿಸಿಕೊಳ್ಳುವ ಪ್ರಯತ್ನಗಳು ವಾರಕ್ಕೆ 6 ಕೋಟಿಗೂ ಜಾಸ್ತಿ ನಡೆಯುತ್ತಿದ್ದವು.

ಯಾರೋ ಸಣ್ಣಪುಟ್ಟವರು ಮಾತ್ರ ಮಾಡುವ ಕೆಲಸ ಎಂದು ಭಾವಿಸಬೇಡಿ. ಜಾವಾ ಎಂಬ ಉಚಿತ ತಂತ್ರಾಂಶ ಹಾಕಿಕೊಂಡವರಿಗೆ ವರ್ಷಗಟ್ಟಲೆ ಆಸ್ಕ್ ಟೂಲ್‌ಬಾರ್ ಅಂಟಿಕೊಂಡು ಬರುತ್ತಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಆ ಟೂಲ್‌ಬಾರಿನ ಹಳೆಯ ಆವೃತ್ತಿಗಳನ್ನು ಬೇಡದ ಸಾಫ್ಟ್‌ವೇರ್ ಪಟ್ಟಿಗೆ ಸೇರಿಸಿತು. ಅದಕ್ಕೂ ಸ್ವಲ್ಪ ಮೊದಲು ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ಪ್ರೋಗ್ರಾಂ ಹಾಕಿಯೇ ಮಾರಿತ್ತು. ಬ್ಯಾಂಕಿನ ಪುಟ ಅಸಲಿಯೋ ನಕಲಿಯೋ ಎಂದು ಬ್ರೌಸರ್ ಪರೀಕ್ಷಿಸುವ ಏರ್ಪಾಡನ್ನೇ ಅದು ಕೆಡಿಸಿತ್ತು. 2017ರಲ್ಲಿ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಮತ್ತು 32 ರಾಜ್ಯಗಳ ಜೊತೆ ಕಂಪನಿ ರಾಜಿ ಮಾಡಿಕೊಂಡು, ರಾಜ್ಯಗಳಿಗೆ 35 ಲಕ್ಷ ಡಾಲರ್ ಕಟ್ಟಬೇಕಾಯಿತು. ಅಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡದ್ದು ಗ್ರಾಹಕ ಇಲಾಖೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ಈಗ ನಮ್ಮ ನಿಯಮಕ್ಕೆ ಬರುತ್ತೇನೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್, ಅಂದರೆ ಸೈಟು, ಆ್ಯಪ್‌ಗಳ ವಿನ್ಯಾಸದಲ್ಲೇ ಗಿರಾಕಿಯನ್ನು ದಾರಿ ತಪ್ಪಿಸುವ ತಂತ್ರಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. 13 ಬಗೆಯ ಮೋಸಗಳ ಪಟ್ಟಿ ಅದರಲ್ಲಿದೆ. ಬಾಸ್ಕೆಟ್ ಸ್ನೀಕಿಂಗ್ ಎಂಬುದು ನಮ್ಮ ವಿಷಯಕ್ಕೆ ಬಹಳ ಹತ್ತಿರ. ಗಿರಾಕಿಗೆ ಹೇಳದೆ ಬುಟ್ಟಿಗೆ ಇನ್ನೊಂದು ವಸ್ತು ಸೇರಿಸುವುದು. ಆದರೆ ಕಟ್ಟಬೇಕಾದ ಹಣ ಜಾಸ್ತಿಯಾದರೆ ಮಾತ್ರ ಅದು ಅನ್ವಯ. ಉಚಿತ ಸಾಫ್ಟ್‌ವೇರಿನಲ್ಲಿ ಒಂದು ರೂಪಾಯಿಯೂ ಏರುವುದಿಲ್ಲ, ಅಲ್ವಾ? ಇನ್ನು ಫೋರ್ಸ್ಡ್ ಆ್ಯಕ್ಷನ್, ಅಂದರೆ ಬೇಡದ್ದನ್ನು ಬಲವಂತವಾಗಿ ಮಾಡಿಸುವುದು. ಬಾಡಿಗೆ ಮನೆ ಹುಡುಕುವ ಆ್ಯಪ್ ಹಾಕಿಕೊಂಡವರಿಗೆ ಪೇಂಟರ್ ಹುಡುಕುವ ಆ್ಯಪನ್ನೂ ಹಾಕಿಕೊಳ್ಳಲೇಬೇಕು ಎನ್ನುವುದು ತಪ್ಪು ಎಂದು ಅಲ್ಲಿ ಉದಾಹರಣೆ ಕೊಟ್ಟಿದ್ದಾರೆ. ಉದಾಹರಣೆ ತುಂಬಾ ಚೆನ್ನಾಗಿದೆ. ಆದರೆ ನಾನು ಹೇಳುತ್ತಿರುವ ಕಡೆ ಒತ್ತಾಯ ಕಾಣುವುದೇ ಇಲ್ಲ. ಟಿಕ್ ತೆಗೆಯುವ ಅವಕಾಶ ಕೊಟ್ಟಿದ್ದೆವು, ಅವರೇ ತೆಗೆಯಲಿಲ್ಲ ಎಂದು ಕಂಪನಿ ಹೇಳಿ ಪಾರಾಗುತ್ತದೆ. ಕಂಪ್ಯೂಟರಿಗೆ ಹಾನಿಕಾರಕ ಪ್ರೋಗ್ರಾಂ ಸೇರಿಸುವುದರ ವಿರುದ್ಧ ಐಟಿ ಕಾಯ್ದೆಯ 43ನೇ ಸೆಕ್ಷನ್ ಇದೆ. ಅದೂ ಮಾಲೀಕರ ಅನುಮತಿ ಇಲ್ಲದಿದ್ದರೆ ಮಾತ್ರ. ಅವರ ಕೈಯಲ್ಲಿ ಆ ಟಿಕ್ ಸಾಕ್ಷಿಯಾಗಿ ಇದ್ದೇ ಇದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕಿಂತ ದೊಡ್ಡ ತೊಡಕಿದೆ. ಪ್ರತಿಫಲ ಕೊಟ್ಟು ಕೊಂಡವನೇ ಗ್ರಾಹಕ. ಉಚಿತವಾಗಿ ಇಳಿಸಿಕೊಂಡ ಮೇಷ್ಟ್ರು ಗ್ರಾಹಕರೇ ಅಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಅವರ ಕಂಪ್ಯೂಟರಿನಲ್ಲಿ ಜಾಗ ಹಿಡಿದುಕೊಳ್ಳಲು ಇನ್ಯಾರೋ ದುಡ್ಡು ಕೊಟ್ಟಿದ್ದಾರೆ! ಹಿಂದೆ ಗ್ಯಾಸ್ ಕನೆಕ್ಷನ್ ಕೇಳಿದರೆ ಒಲೆಯನ್ನೂ ನಮ್ಮಲ್ಲೇ ತಗೊಳ್ಳಿ ಎಂದು ಡೀಲರ್‌ಗಳು ಹಟ ಮಾಡುತ್ತಿದ್ದರು. ಅಲ್ಲಿ ಒಲೆ ಕಣ್ಣಿಗೆ ಕಾಣುತ್ತಿತ್ತು, ಜಗಳವಾದರೂ ಆಡಬಹುದಿತ್ತು. ಇಲ್ಲಿ ಏನು ಬಂತು ಎಂದು ತಿಳಿಯುವುದೇ ತಿಂಗಳುಗಳ ನಂತರ.

ಓದಿ ಒತ್ತಬೇಕಿತ್ತು ಎನ್ನುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಕನ್ನಡ, ಮರಾಠಿ ಮಾತ್ರ ಸಲೀಸಾಗಿ ಓದುವವರ ಮುಂದೆ ಇರುವೆಯಂಥ ಇಂಗ್ಲಿಷ್ ಅಕ್ಷರ ಇಟ್ಟು ಓದಿ ಎನ್ನುವುದು ನ್ಯಾಯವಲ್ಲ. ಉಚಿತ ಸಾಫ್ಟ್‌ವೇರ್ ಮಾಡುವವರಿಗೂ ಹೊಟ್ಟೆಪಾಡು ಇದೆ, ಅದು ನಿಜ. ಹಾಗಿದ್ದರೆ ಟಿಕ್ ಹಾಕದೆ ನೇರವಾಗಿ ಕೇಳಲಿ. ಬೇಕಾದವರು ಹಾಕಿಕೊಳ್ಳುತ್ತಾರೆ.

ಹಾಗಾಗಿ ನನ್ನ ಮನವಿ ಇದು. ಮಾರ್ಗಸೂಚಿಗೆ ಒಂದು ವಿವರಣೆ ಸೇರಿಸಿ. ಮೊದಲೇ ಹಾಕಿಟ್ಟ ಟಿಕ್ ಒಪ್ಪಿಗೆಯಲ್ಲ, ಹಣ ತೆಗೆದುಕೊಳ್ಳದಿದ್ದರೂ ಅಲ್ಲ, ಎಂದು ಸ್ಪಷ್ಟವಾಗಿ ಬರೆಯಿಸಿ. ಹೆಚ್ಚುವರಿ ಪ್ರೋಗ್ರಾಂ ಯಾರದು, ಏನು ಮಾಡುತ್ತದೆ, ಹೇಗೆ ತೆಗೆಯುವುದು ಎಂಬುದು ಬೇರೆ ಪುಟದಲ್ಲಿ, ನಮ್ಮ ಭಾಷೆಗಳಲ್ಲೂ ಇರಬೇಕು. 2025ರ ಜೂನ್‌ನಲ್ಲಿ ಇ-ಕಾಮರ್ಸ್ ಕಂಪನಿಗಳಿಗೆ ಮೂರು ತಿಂಗಳೊಳಗೆ ಸ್ವಂತ ಆಡಿಟ್ ಮಾಡಿಕೊಳ್ಳಿ ಎಂದು ಪ್ರಾಧಿಕಾರ ಸೂಚಿಸಿತು. ಅದೇ ಸೂಚನೆ ಸಾಫ್ಟ್‌ವೇರ್ ಕಂಪನಿಗಳಿಗೂ, ಡೌನ್‌ಲೋಡ್ ಸೈಟುಗಳಿಗೂ ಹೋಗಲಿ. ಗ್ರಾಹಕರ 1915 ಸಹಾಯವಾಣಿಗೆ ಫೋನ್ ಮಾಡಿದವರ ಇಂಥ ದೂರನ್ನು ದಾಖಲಿಸಿಕೊಳ್ಳಲು ಅಲ್ಲಿನವರಿಗೆ ತಿಳಿಸಿ.

ಇನ್ನೊಂದು ಕೆಲಸ ಸರ್ಕಾರದ ಒಳಗೇ ಆಗಬೇಕಾದ್ದು. ಎಷ್ಟೋ ಸರ್ಕಾರಿ ಕೆಲಸಗಳಿಗೆ ಡಿಜಿಟಲ್ ಸಹಿಯ ಯುಟಿಲಿಟಿ, ಪಿಡಿಎಫ್ ರೀಡರ್ ಬೇಕಾಗುತ್ತವೆ. ಅವುಗಳ ಅಸಲಿ ಲಿಂಕ್ ಅದೇ ಪುಟದಲ್ಲಿ ಎದ್ದು ಕಾಣುವಂತೆ ಇದ್ದರೆ ಜನ ಹೊರಗೆ ಹುಡುಕಿಕೊಂಡು ಹೋಗುವುದಿಲ್ಲ. ಐಟಿ ಸಚಿವಾಲಯದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಕಂಪ್ಯೂಟರ್ ಶುಚಿ ಮಾಡುವ ಉಚಿತ ಟೂಲ್‌ಗಳನ್ನು ಕೊಡುತ್ತಿದೆ. ನನ್ನ ಗಿರಾಕಿಗಳಲ್ಲಿ ಅದರ ಹೆಸರು ಕೇಳಿದವರು ಒಬ್ಬರೂ ಸಿಕ್ಕಿಲ್ಲ. ಜಾಗೋ ಗ್ರಾಹಕ್ ಜಾಗೋ ಜಾಹೀರಾತಿನಲ್ಲಿ ಅದನ್ನೂ ಸೇರಿಸಿದರೆ ಹಳ್ಳಿಯವರೆಗೂ ತಲುಪುತ್ತದೆ.

ಮಾರ್ಗಸೂಚಿ ತಿದ್ದುವಾಗ ಸಾರ್ವಜನಿಕರ ಅಭಿಪ್ರಾಯ ಕೇಳುವ ಪದ್ಧತಿ ಇದೆ. ಆಗ ನನ್ನಂಥ ರಿಪೇರಿಯವರನ್ನೂ ಕರೆಯಿರಿ. ಈ ಇನ್‌ಸ್ಟಾಲರ್‌ಗಳ ಒಂದೊಂದು ಪುಟವನ್ನೂ ಚಿತ್ರ ತೆಗೆದು ಇಟ್ಟುಕೊಂಡಿದ್ದೇನೆ, ತಂದು ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಡೊಂಬಿವಲಿಯ ಒಬ್ಬ ಕಂಪ್ಯೂಟರ್ ರಿಪೇರಿಯವ